ಕ್ಲಚ್ ಪೆಡಲಿನ ಹಿಂದಿನ ತಗಡು

ಒಂದು ಕಾರಿನೊಳಗೆ ಅಂಗೈ ಅಗಲದ ಎರಡು ಕಬ್ಬಿಣದ ಪ್ಲೇಟು ಹಾಕಬೇಕಿತ್ತು, ಹಾಕಲಿಲ್ಲ. ಹಾಕು ಎಂದು ಹೇಳಿದವಳು ನನ್ನ ತಂಗಿ ಭಾಗ್ಯ. ಹೂಂ ಅಂದೆ. ಹಾಕದೆಯೇ, ಹಾಕಿದ್ದೇನೆ ಎಂದು ಗುರುತು ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ ಸೋಮಾರಿತನ ಎನ್ನಬಹುದಿತ್ತು. ಆಮೇಲೆ ಒಂದಿಡೀ ಮಳೆಗಾಲ ಅವಳು ಆ ಗಾಡಿಯ ಕೆಳಗೆ ಮಲಗಿ ಬೇರೆಲ್ಲ ಕಡೆ ದೋಷ ಹುಡುಕುತ್ತಿದ್ದಾಗ, ದೋಷ ಎಲ್ಲಿದೆ ಎಂದು ಗೊತ್ತಿದ್ದ ನಾನು ಮೇಲೆ ಸೀಟಿನಲ್ಲಿ ಕೂತು ಬಾಯಿ ಬಿಡಲಿಲ್ಲ.

ಎರಡು ವರ್ಷ ಅದನ್ನು ನೆನೆಯದೆ ಇರಲು ಎಷ್ಟೋ ಪ್ರಯತ್ನಪಟ್ಟೆ. ಹೋದ ತಿಂಗಳು ಕುಣಿಗಲ್ಲಿನಲ್ಲಿ ಒಂದು ವಾಸನೆ ಮೂಗಿಗೆ ಬಡಿದು ಎಲ್ಲವೂ ಮೇಲೆ ಬಂತು. ಕಾರಿನೊಳಗೆ ಕಾಲಿಡುವ ಜಾಗದಲ್ಲಿ, ಕಾರ್ಪೆಟ್ಟಿನ ಕೆಳಗೆ, ಟಾರಿನಂಥ ಕಪ್ಪು ಹಾಳೆಯೊಂದನ್ನು ಅಂಟಿಸಿರುತ್ತಾರೆ. ಇಂಜಿನ್ನಿನ ಸದ್ದು ಒಳಗೆ ಬಾರದಿರಲಿ ಎಂದು. ಅದರ ಹತ್ತಿರ ಬೆಂಕಿ ಹಿಡಿದರೆ ಅದು ಕರಗಿ ಸುಡುತ್ತದೆ. ರಸ್ತೆಯವರು ಕಾಯಿಸುವ ಟಾರಿನ ವಾಸನೆಗಿಂತ ಒಗರು. ಗಂಟಲಿಗೆ ಹತ್ತಿ ಸಂಜೆಯವರೆಗೂ ಬಿಡುವುದಿಲ್ಲ. ಆ ಮಳೆಗಾಲದಲ್ಲಿ ಮೊದಲೇ ಬರಬೇಕಾಗಿದ್ದ ವಾಸನೆ ಅದು. ಬಂದದ್ದು ಮೂರು ತಿಂಗಳು ತಡವಾಗಿ.

ನಾನು ಟಿಂಕರ್. ಗಾಡಿಯ ತಗಡು ಸೊಟ್ಟಾದರೆ ಬಡಿದು ನೇರ ಮಾಡುವುದು, ತುಕ್ಕು ತಿಂದರೆ ಕತ್ತರಿಸಿ ಹೊಸದು ಬೆಸೆಯುವುದು ನನ್ನ ಕೆಲಸ. ಓದಿದ್ದು ಏಳನೇ ಕ್ಲಾಸು. ಗುಬ್ಬಿಯಲ್ಲಿ ಬಿ.ಎಚ್. ರಸ್ತೆಯ ಪಕ್ಕ ನಮ್ಮ ಶೆಡ್ಡು ಇದೆ, ಅಪ್ಪ ಹಾಕಿದ್ದು. ಅಪ್ಪನೂ ಟಿಂಕರನೇ. ಅವರ ಕಾಲದಲ್ಲಿ ಶೆಡ್ಡಿನಲ್ಲಿ ನಾಲ್ಕಾರು ಜನ ಕೆಲಸ ಮಾಡುತ್ತಿದ್ದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆದಕಿ ನೋಡಿ ದಿನವೂ ಜಗಳ. ಅದಕ್ಕೆ ಅಪ್ಪ ಒಂದು ನಿಯಮ ಮಾಡಿದ್ದರು. ಕೆಲಸ ಮುಗಿಸಿದವನು ಆ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯಬೇಕು. ಗೀಟು ಬಿದ್ದ ಜಾಗವನ್ನು ಇನ್ನೊಬ್ಬರು ಬಿಚ್ಚಿ ನೋಡಬಾರದು. "ಗೀಟು ಎಳ್ದೋನು ಮಾತು ಕೊಟ್ಟಂಗೆ ಕಣ್ರಲಾ" ಎನ್ನುತ್ತಿದ್ದರು. ಅಪ್ಪ ಹೋದ ಮೇಲೂ ನಮ್ಮಲ್ಲಿ ಆ ನಿಯಮ ಉಳಿದಿತ್ತು. ಒಂದು ಖಾಲಿ ಪೇಂಟ್ ಡಬ್ಬದಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತಿತ್ತು.

ಭಾಗ್ಯ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ತುಮಕೂರಿನಲ್ಲಿ ಐಟಿಐ ಮಾಡಿದಳು, ಮೋಟಾರ್ ಮೆಕ್ಯಾನಿಕ್ ವಿಭಾಗ. ಕ್ಲಾಸಿನಲ್ಲಿ ಅವಳೊಬ್ಬಳೇ ಹುಡುಗಿ. ಆಮೇಲೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಐದು ವರ್ಷ ಒಂದೇ ಜಾಗದಲ್ಲಿ ನಿಂತು ಒಂದೇ ಥರದ ಬೋಲ್ಟು ತಿರುಗಿಸಿದಳು. ಕಾಂಟ್ರಾಕ್ಟ್ ಮುಗಿದಾಗ ಮನೆಗೆ ಬಂದು, "ಅಣ್ಣ, ನಾನು ಶೆಡ್‌ನಾಗೆ ಕೆಲ್ಸ ಮಾಡ್ತೀನಿ" ಎಂದಳು. ನಾನು ಬೇಡ ಅನ್ನಲಿಲ್ಲ. ವರ್ಷದೊಳಗೆ ಇಂಜಿನ್ ಕೆಲಸದ ಗಾಡಿಗಳು ನಮ್ಮ ಬಾಗಿಲಿಗೆ ಬರತೊಡಗಿದವು. ಅಷ್ಟೇ ಅಲ್ಲ, ಬಂದವರು ನನ್ನನ್ನು ನೋಡಿ, "ತಂಗಿ ಇಲ್ವಾ ರಾಜಣ್ಣ? ಹಂಗಾದ್ರೆ ಆಮೇಕೆ ಬತ್ತೀನಿ ಬುಡು" ಎನ್ನತೊಡಗಿದರು. ಅದು ನನಗೆ ಹೆಮ್ಮೆಯ ವಿಷಯ ಆಗಬೇಕಿತ್ತು. ಹೊರಗೆ ಹಾಗೆಯೇ ನಗುತ್ತಿದ್ದೆ.

ಆ ವರ್ಷ ಆಷಾಢದ ಗಾಳಿ ಜೋರು. ಶೆಡ್ಡಿನ ಶೀಟುಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು. ಆ ಗಾಳಿಯಲ್ಲೇ ಕೊಬ್ಬರಿ ವ್ಯಾಪಾರದ ಚನ್ನಬಸವಯ್ಯನವರು ತಮ್ಮ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಬೆಂಗಳೂರಿನಲ್ಲಿ ಯಾರಿಂದಲೋ ಕೊಂಡ ಹಳೆಯ ಆಟೊಮೆಟಿಕ್ ಕಾರು. ಅಂಥ ಕಾರಿನಲ್ಲಿ ಕ್ಲಚ್ಚೇ ಇರುವುದಿಲ್ಲ, ಗೇರು ತಾನೇ ಬದಲಾಗುತ್ತದೆ. ಅದರ ಗೇರ್‌ಬಾಕ್ಸು ಹೋಗಿತ್ತು. ರಿಪೇರಿಗೆ ಸಾಮಾನು ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದು ಎರಡು ಕಡೆ ಹೇಳಿದ್ದರಂತೆ.

ಭಾಗ್ಯ ಬಾನೆಟ್ ಎತ್ತಿ, ಕೆಳಗೆ ತೂರಿ, ಎದ್ದು ಬಂದು ಹೇಳಿದಳು: "ಇದೇ ಕಾರು ಮ್ಯಾನುಯಲ್‌ನಲ್ಲೂ ಬಂದಿದೆ ಸಾರ್. ಗುಜರೀಲಿ ಅದ್ರ ಗೇರ್‌ಬಾಕ್ಸು, ಪೆಡಲ್ ಸೆಟ್ಟು ಸಿಕ್ಕಿದ್ರೆ ಇದನ್ನೂ ಮ್ಯಾನುಯಲ್ ಮಾಡಬೋದು."

"ನೀನಾ ಮಾಡೋಳು?"

"ನಾನೇ."

ಚನ್ನಬಸವಯ್ಯನವರು ಅವಳನ್ನು ಬಿಟ್ಟು ನನ್ನನ್ನು ನೋಡಿದರು. "ನೋಡಮ್ಮ, ನಿನ್ ಮೇಲೆ ನಂಗೆ ನಂಬಿಕೆ ಇಲ್ಲ. ನಿಮ್ಮಣ್ಣನ ಮೇಲಿದೆ. ಅವನು ಇದಾನಲ್ಲ ಅಂತ ಬಿಟ್ಟೋಯ್ತೀನಿ." ಕಾಗದಪತ್ರದ ಅನುಮತಿ ತಾವೇ ನೋಡಿಕೊಳ್ಳುವುದಾಗಿ ಹೇಳಿ ಹೋದರು.

ಅದೇ ವಾರ ಫ್ಯಾಕ್ಟರಿಯಿಂದ ಭಾಗ್ಯಳಿಗೆ ಫೋನ್ ಬಂದಿತ್ತು. ದೀಪಾವಳಿ ಕಳೆದ ಮೇಲೆ ಹೊಸ ಲೈನು ಶುರುವಾಗುತ್ತದೆ, ಬರುವುದಾದರೆ ಬಾ ಎಂದು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ನನಗೂ ನನ್ನ ಹೆಂಡತಿ ಸುಧಾಳಿಗೂ ಹೇಳಿದಳು: "ಈ ಗಾಡಿ ಓಡಿದ್ರೆ ನಾನು ಮೆಕ್ಯಾನಿಕ್ಕು. ಓಡಲಿಲ್ಲ ಅಂದ್ರೆ ವಾಪಸ್ ಹೋಗಿ ಬೋಲ್ಟ್ ತಿರುಗಿಸ್ತೀನಿ. ಇನ್ನು ನಡೂಮಧ್ಯೆ ಇರಲ್ಲ." ತಮಾಷೆಯಂತೆ ಹೇಳಿದಳು. ಆದರೆ ಅವಳ ತಟ್ಟೆಯ ಮುದ್ದೆ ಅರ್ಧ ಹಾಗೇ ಉಳಿದಿತ್ತು.

ತುಮಕೂರಿನ ಗುಜರಿಯಲ್ಲಿ ಗೇರ್‌ಬಾಕ್ಸು, ಪೆಡಲ್ ಸೆಟ್ಟು ಸಿಕ್ಕವು. ಪೆಡಲನ್ನು ಕೂರಿಸುವ ಜಾಗ ಮಾಡುವುದು ತಗಡಿನ ಕೆಲಸ, ಅಂದರೆ ನನ್ನದು. ಇಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ ಇರುತ್ತದಲ್ಲ, ಅಲ್ಲಿ. ಭಾಗ್ಯ ಟಾರ್ಚ್ ಹಿಡಿದು ತೋರಿಸಿದಳು.

"ಅಣ್ಣ, ಇಲ್ನೋಡು. ಮ್ಯಾನುಯಲ್ ಗಾಡೀಲಿ ಈ ಜಾಗದಾಗೆ ಎರಡು ತಗಡು ಇರ್ತದೆ. ಇದ್ರಾಗೆ ಒಂದೇ. ಕ್ಲಚ್ ಒತ್ತೋ ಬಲ ಎಲ್ಲಾ ಇಲ್ಲೇ ಬೀಳೋದು. ಅಂಗೈ ಅಗಲ ಪ್ಲೇಟು, ಹಿಂದೊಂದು ಮುಂದೊಂದು ಇಟ್ಟು ಬೆಸೀಬೇಕು."

"ಬೆಸೆಯೋದನ್ನ ನಂಗೇ ಹೇಳ್ಕೊಡ್ತೀಯೇನೇ?"

"ಹೇಳ್ಕೊಡ್ತಿಲ್ಲ ಮಾರಾಯ. ಮರೀಬೇಡ ಅಂತಿದೀನಿ."

ಮರೀಬೇಡ ಎಂದದ್ದು ನನಗೆ ಚುಚ್ಚಿತು. ಅವಳು ಹುಟ್ಟಿ ತೊಟ್ಟಿಲಲ್ಲಿದ್ದಾಗಲೇ ನಾನು ಅಪ್ಪನ ಸುತ್ತಿಗೆ ಹಿಡಿದವನು. ಮಾರನೆಯ ದಿನ ಅವಳು ಕ್ಲಚ್ ಸಾಮಾನು ತರಲು ತುಮಕೂರಿಗೆ ಹೋದಳು. ಸೋನೆ ಹಿಡಿದಿತ್ತು. ಪ್ಲೇಟು ಕೂರಿಸಬೇಕೆಂದರೆ ಡ್ಯಾಶ್‌ಬೋರ್ಡಿನ ಕೆಳಭಾಗ ಬಿಚ್ಚಬೇಕು, ವೈರುಗಳನ್ನೆಲ್ಲ ಪಕ್ಕಕ್ಕೆ ಕಟ್ಟಬೇಕು, ಟಾರ್ ಹಾಳೆ ಕೆರೆದು ತೆಗೆಯಬೇಕು. ಒಂದು ಇಡೀ ದಿನದ ಕೆಲಸ. ತಗಡನ್ನು ಬೆರಳಿನಿಂದ ತಟ್ಟಿ ನೋಡಿದೆ. ಕಂಪನಿಯ ತಗಡು, ಇದಕ್ಕೇನಾಗುತ್ತದೆ ಅಂದುಕೊಂಡೆ. ತೂತು ಕೊರೆದು ಪೆಡಲಿನ ಬ್ರಾಕೆಟ್ಟನ್ನು ನೇರವಾಗಿ ತಗಡಿಗೇ ಬೋಲ್ಟ್ ಮಾಡಿದೆ. ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದೆ. ಡಬ್ಬದಿಂದ ಸೀಮೆಸುಣ್ಣ ತೆಗೆದು ಪಕ್ಕದಲ್ಲಿ ಗೀಟು ಎಳೆದೆ. ಬಣ್ಣ ಇನ್ನೂ ಹಸಿಯಿತ್ತು, ಸುಣ್ಣ ಅದರಲ್ಲಿ ಸ್ವಲ್ಪ ಹೂತುಕೊಂಡಿತು.

ಸಂಜೆ ಬಂದವಳು ಕೇಳಿದಳು, "ಪ್ಲೇಟ್ ಹಾಕ್ದಾ?"

"ಗೀಟು ಕಾಣಿಸ್ತಿಲ್ವಾ?"

ಅವಳು ಮತ್ತೆ ಕೇಳಲಿಲ್ಲ. ಅಪ್ಪನ ಮಗಳು.

ಎಲ್ಲ ಜೋಡಿಸಿ ಮುಗಿಸುವ ಹೊತ್ತಿಗೆ ಶ್ರಾವಣ ಬಂದಿತ್ತು. ಇಂಜಿನ್ ಆಫ್ ಇದ್ದಾಗ ಗೇರುಗಳು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಬೀಳುತ್ತಿದ್ದವು. ಇಂಜಿನ್ ಚಾಲೂ ಮಾಡಿ ರಿವರ್ಸ್ ಹಾಕಿದರೆ ಕರ್ರ್ ಎಂದು ಹಲ್ಲು ಕಡಿಯುವ ಸದ್ದು. ಫಸ್ಟ್ ಗೇರಿಗೆ ಎರಡೂ ಕೈ ಬೇಕು. "ಕ್ಲಚ್ ಪೂರ್ತಿ ಬಿಡಿಸ್ತಿಲ್ಲ" ಎಂದಳು ಭಾಗ್ಯ. "ಆಯಿಲ್‌ನಾಗೆ ಗಾಳಿ ಸೇರಿರಬೇಕು. ತೆಗೆದ್ರೆ ಸರಿ ಹೋಯ್ತದೆ."

ಈ ಕ್ಲಚ್ಚು ಕೆಲಸ ಮಾಡುವುದು ಆಯಿಲಿನಿಂದ. ಮೇಲೆ ಪೆಡಲಿನ ಹಿಂದೆ, ಆ ಗೋಡೆಗೆ ಅಂಟಿಕೊಂಡು ಒಂದು ಸಣ್ಣ ಸಿಲಿಂಡರ್. ಕೆಳಗೆ ಗೇರ್‌ಬಾಕ್ಸಿನ ಪಕ್ಕ ಇನ್ನೊಂದು. ನಡುವೆ ಆಯಿಲ್ ತುಂಬಿದ ಪೈಪು. ಕಾಲು ಒತ್ತಿದಾಗ ಮೇಲಿನದು ಆಯಿಲನ್ನು ತಳ್ಳುತ್ತದೆ, ಕೆಳಗಿನದು ಅದಕ್ಕೆ ತಕ್ಕಷ್ಟು ಒಂದು ಕಡ್ಡಿಯನ್ನು ನೂಕುತ್ತದೆ. ಆ ಕಡ್ಡಿ ಪೂರ್ತಿ ಸರಿದರೆ ಮಾತ್ರ ಗೇರು ಸಲೀಸು. ಪೈಪಿನಲ್ಲಿ ಗಾಳಿ ಇದ್ದರೆ ಒತ್ತಿದ ಬಲ ಗಾಳಿಯನ್ನು ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಮೇಲೆ, ಒಬ್ಬರು ಗಾಡಿಯ ಕೆಳಗೆ.

"ಒತ್ತು ಅಣ್ಣ... ಒತ್ತು... ಒತ್ತು... ಹಿಡಿ."

ಹಿಡಿದೆ. ಕೆಳಗೆ ಅವಳು ಸ್ಕ್ರೂ ಸಡಿಲಿಸಿದಳು. ಗುಳ್ಳೆಗಳ ಜೊತೆ ಆಯಿಲ್ ಸುರಿಯಿತು. ಮತ್ತೆ ಬಿಗಿ ಮಾಡಿ, "ಬಿಡು" ಎಂದಳು. ಹಾಗೆ ಐವತ್ತು ಸಲವಾದರೂ ಆಗಿರಬೇಕು. ಗುಳ್ಳೆ ನಿಂತಿತು. ಆಗ ನನ್ನ ಅಂಗಾಲಿಗೆ ತಿಳಿಯಿತು. ಪೆಡಲ್ ಕೊನೆ ಮುಟ್ಟುವ ಹೊತ್ತಿಗೆ ಗೋಡೆಯ ತಗಡು ಮುಂದಕ್ಕೆ ಬಾಗುತ್ತಿತ್ತು. ಕಾಲು ತೆಗೆದರೆ, ಡಬ್ಬದ ಮುಚ್ಚಳ ಒತ್ತಿ ಬಿಟ್ಟಂತೆ, ಟಿಕ್ ಎಂದು ವಾಪಸ್. ಮೇಲಿನ ಸಿಲಿಂಡರ್ ಆ ಗೋಡೆಯ ಮೇಲೇ ಕೂತಿದೆ. ಗೋಡೆ ಓಡಿಹೋದರೆ ಸಿಲಿಂಡರೂ ಓಡಿಹೋಗುತ್ತದೆ. ಒತ್ತಿದ್ದರಲ್ಲಿ ಅರ್ಧ ಅಲ್ಲೇ ಸೋರಿಹೋಗುತ್ತದೆ. ತಗಡಿನ ಜೊತೆ ಜೀವನ ಕಳೆದವನಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ.

"ಹೆಂಗಿದೆ ಅಣ್ಣ? ಗಟ್ಟಿ ಇದೆಯಾ?" ಕೆಳಗಿನಿಂದ ಕೇಳಿದಳು.

"ಗಟ್ಟಿ ಇದೆ" ಎಂದೆ.

ಒಂದು ಸಲ ಹೇಳಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ನಾಳೆ ಅವಳಿಲ್ಲದಾಗ ಸದ್ದಿಲ್ಲದೆ ಪ್ಲೇಟು ಹಾಕಿಬಿಡೋಣ ಅಂದುಕೊಂಡೆ. ಆದರೆ ಬೆಸೆದರೆ ಟಾರ್ ಸುಟ್ಟ ವಾಸನೆ ಎರಡು ದಿನ ನಿಲ್ಲುತ್ತದೆ, ಅವಳ ಮೂಗಿಗೆ ತಿಳಿಯುತ್ತದೆ. ನಾಳೆ ನಾಳೆ ಎನ್ನುತ್ತ ದಿನ ತಳ್ಳಿದೆ.

ಅವಳು ಮೇಲಿನ ಸಿಲಿಂಡರಿನ ರಬ್ಬರು ಬದಲಿಸಿದಳು. ಕೆಳಗಿನ ಸಿಲಿಂಡರನ್ನೇ ಬದಲಿಸಿದಳು. ಹಳೆಯ ರಬ್ಬರ್ ಪೈಪು ಒತ್ತಡಕ್ಕೆ ಉಬ್ಬುತ್ತಿರಬಹುದೆಂದು ಹೊಸದು ಹಾಕಿದಳು. ತುಮಕೂರಿನ ಸ್ಪೇರ್ಸ್ ಅಂಗಡಿಯವನು ಮೂರನೇ ಸಲಕ್ಕೆ, "ಮೆಕ್ಯಾನಿಕ್‌ನ ಕಳಿಸಮ್ಮ, ಅವ್ರತ್ರ ಮಾತಾಡ್ತೀನಿ" ಎಂದನಂತೆ. "ಮೆಕ್ಯಾನಿಕ್ ನಾನೇ, ಮಾತಾಡಿ ಅಂದೆ" ಎಂದು ನಗುತ್ತ ಹೇಳಿದಳು. ಪ್ರತಿ ಸಲವೂ ಸ್ವಲ್ಪ ಸರಿ ಹೋದಂತೆ ಕಾಣುವುದು, ನಾಲ್ಕು ದಿನಕ್ಕೆ ಮತ್ತೆ ಕರ್ರ್.

ಭಾದ್ರಪದದ ಮಳೆ ಹಿಡಿಯಿತು. ಒಂದು ಬೆಳಗ್ಗೆ ಗಾಡಿ ಚೆನ್ನಾಗಿಯೇ ಇದ್ದಂತಿತ್ತು. "ಊರ್ಡಿಗೆರೆ ಕಡೆ ಏರು ಹತ್ತಿಸಿ ನೋಡಣ. ಅದಕ್ಕೆ ಮುಂಚೆ ಕ್ಯಾತ್ಸಂದ್ರದಾಗೆ ತಟ್ಟೆ ಇಡ್ಲಿ" ಎಂದಳು. ಅವಳು ಸ್ಟಿಯರಿಂಗ್ ಹಿಡಿದಳು, ನಾನು ಪಕ್ಕದಲ್ಲಿ. ಹೋಟೆಲಿನ ಮುಂದೆ ಗಾಡಿಗಳ ಗದ್ದಲ. ಫಸ್ಟ್ ಗೇರಿನಲ್ಲಿ ಕ್ಲಚ್ ಒತ್ತಿ ನಿಂತಿದ್ದಳು. ಕಾರು ತಾನಾಗಿ ಮುಂದಕ್ಕೆ ಹೊರಟಿತು.

"ಅಣ್ಣ, ಪೂರ್ತಿ ಒತ್ತಿದೀನಿ, ಹೋಯ್ತಾನೇ ಇದೆ!"

ಬ್ರೇಕ್ ಒತ್ತುವಷ್ಟರಲ್ಲಿ ಮುಂದೆ ಸೈಕಲ್ ಹಿಡಿದು ನಿಂತಿದ್ದ ಮುದುಕನ ಹಾಲಿನ ಕ್ಯಾನಿಗೆ ತಾಗಿತು. ಸೈಕಲ್ ಬಿತ್ತು, ಮುದುಕ ಕೂತುಬಿಟ್ಟ. ದೇವರ ದಯೆ, ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಲು ಮಳೆನೀರಿನ ಜೊತೆ ರಸ್ತೆಯಲ್ಲಿ ಬಿಳಿಯಾಗಿ ಹರಿಯಿತು. ಜನ ಸೇರಿದರು. "ಹೆಣ್ಮಕ್ಳ ಕೈಗೆ ಗಾಡಿ ಕೊಟ್ರೆ ಇಂಗೇಯ" ಎಂದ ಒಬ್ಬ. "ಏನಣ್ಣ, ಪಕ್ಕದಾಗೆ ಕೂತು ನಿದ್ದೆ ಮಾಡ್ತಿದ್ಯಾ?" ಎಂದ ಇನ್ನೊಬ್ಬ. ಭಾಗ್ಯ ಮುದುಕನನ್ನು ಎಬ್ಬಿಸಿ, ಮೊಣಕೈ ತೊಳೆದು, "ತಪ್ಪು ನಂದು ತಾತ, ನಾನೇ ಜೋಡ್ಸಿದ್ದು ಈ ಗಾಡಿನ" ಎಂದಳು. ನಾನು ಕ್ಯಾನ್ ಎತ್ತಿ ನಿಲ್ಲಿಸಿದೆ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕ್ಯಾನ್ ಎತ್ತಿ ನಿಲ್ಲಿಸಿದೆ, ಅಷ್ಟೇ.

ಇಡ್ಲಿ ತಿನ್ನಲಿಲ್ಲ. ವಾಪಸ್ ಬರುವಾಗ ಗಾಡಿ ನಾನು ಓಡಿಸಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡು, "ನನ್ ಕೈಗುಣವೇ ಸರಿ ಇಲ್ವೇನೋ ಅಣ್ಣ" ಎಂದಳು. ಹಾಗೆ ಮಾತಾಡುವ ಹುಡುಗಿಯಲ್ಲ ಅವಳು.

ಮಾರನೆಯ ದಿನ ಗೇರ್‌ಬಾಕ್ಸನ್ನೇ ಇಳಿಸಿದಳು. ಶೆಡ್ಡು ಸೋರುತ್ತಿತ್ತು. ಬೆನ್ನ ಕೆಳಗೆ ಗೋಣಿಚೀಲ ಹಾಸಿಕೊಂಡು, ಕೆಸರು ನೀರಿನಲ್ಲಿ ಮಲಗಿ, ಎರಡು ಜಾಕಿ ಕೊಟ್ಟು ಇಳಿಸಿದೆವು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಪ್ಲೇಟು ತಿರುಗುಮುರುಗಾಗಿ ಕೂತಿಲ್ಲ. ಒಳಗೆಲ್ಲ ಸರಿ ಇದೆ. ಮತ್ತೆ ಏರಿಸಿದಳು. ಆಗಾಗ ಬಂದು ನಿಲ್ಲುತ್ತಿದ್ದ ಚನ್ನಬಸವಯ್ಯನವರು, "ಏನಮ್ಮ, ದಸರಾಕ್ಕೆ ಮೈಸೂರಿಗೆ ಹೋಗಣ ಅಂತಿದ್ದೆ. ಮುಂದಿನ ದಸರಾಕ್ಕಾದ್ರೂ ಆಯ್ತದಾ?" ಎಂದು ಚುಚ್ಚುತ್ತಿದ್ದರು. ಫ್ಯಾಕ್ಟರಿಯಿಂದ ಮತ್ತೆ ಫೋನ್ ಬಂತು. ಯೋಚಿಸಿ ಹೇಳುತ್ತೇನೆ ಎಂದಳು. ಅದನ್ನು ಕೇಳಿಯೂ ನಾನು ಬೇರೆ ಗಾಡಿಯ ಬಾಗಿಲು ಬಡಿಯುತ್ತ ಕೂತೆ.

ಆದರೆ ಅವಳು ಊಹೆ ಬಿಟ್ಟು ಅಳತೆಗೆ ಇಳಿದಳು. ಕೆಳಗಿನ ಕಡ್ಡಿ ಎಷ್ಟು ಸರಿಯುತ್ತದೆ ಎಂದು ಮೊಳೆಯಲ್ಲಿ ಗೀರಿ ಗುರುತು ಮಾಡಿದಳು. ಎಷ್ಟು ಸರಿಯಬೇಕು ಎಂದು ಲೆಕ್ಕ ಹಾಕಿದಳು. ಗಾಡಿಯ ಕೆಳಗಿನಿಂದ ಎದ್ದು ಬಂದು ಸ್ಟೂಲಿನ ಮೇಲೆ ಕೂತು, ನನ್ನನ್ನಲ್ಲ, ಗಾಡಿಯನ್ನು ನೋಡುತ್ತ ಹೇಳಿದಳು: "ಮೇಲೆ ಕೊಟ್ಟಿದ್ದು ಕೆಳಗೆ ಬತ್ತಿಲ್ಲ. ಗಾಳಿ ಇಲ್ಲ, ಸೋರಿಕೆ ಇಲ್ಲ. ನಡುವೆ ಎಲ್ಲೋ ಯಾರೋ ಕದೀತಾವ್ರೆ."

ಮಾರನೆಯ ದಿನ ನಾನು ಬಣ್ಣ ತರಲೆಂದು ತುಮಕೂರಿಗೆ ಹೋದವನು ಮಧ್ಯಾಹ್ನ ವಾಪಸಾದೆ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಸುಧಾ ಊಟದ ಕ್ಯಾರಿಯರ್ ತಂದಿದ್ದಳು. ಭಾಗ್ಯ ಅವಳನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ್ದಳು.

"ಅತ್ತಿಗೆ, ಎಡಗಾಲಿಂದ ಒತ್ತು. ಜೋರಾಗಿ. ಹೆದ್ರುಬೇಡ, ಗಾಡಿ ಆಫ್ ಆಗೈತೆ."

ಸುಧಾ ಜೀವಮಾನದಲ್ಲಿ ಪೆಡಲ್ ಮುಟ್ಟಿದವಳಲ್ಲ. ಸೀರೆ ಎತ್ತಿ ಸಿಕ್ಕಿಸಿ ಒತ್ತಿದಳು. ಒತ್ತಿದವಳೇ ಕೂಗಿದಳು: "ಅಯ್ಯೋ, ಇದೇನೇ ಭಾಗ್ಯ! ನಾನು ಒತ್ತುದ್ರೆ ಆ ಗೋಡೇನೇ ಆ ಕಡೀಕೆ ಹೋಯ್ತದಲ್ಲೇ!"

ಮೂರು ತಿಂಗಳಿಂದ ನನ್ನ ಬಾಯಿಂದ ಹೊರಡದ ಮಾತು ಅವಳ ಬಾಯಿಂದ ಮೊದಲ ಸಲಕ್ಕೇ ಬಂತು.

ಭಾಗ್ಯ ಬಾನೆಟ್ಟಿನ ಕಡೆಯಿಂದ ಟಾರ್ಚ್ ಬಿಟ್ಟು ಬಗ್ಗಿದಳು. "ಇನ್ನೊಂದ್ಸಲ ಒತ್ತತ್ತಿಗೆ." ಸಿಲಿಂಡರ್ ಮೂಗು ಮುಂದೆ ಬಂದು ಹಿಂದೆ ಹೋದದ್ದು ಬಾಗಿಲಲ್ಲಿ ನಿಂತ ನನಗೂ ಅವಳ ಮುಖದಲ್ಲೇ ಕಂಡಿತು. ಅವಳು ಸುತ್ತಿ ಬಂದು, ಪೆಡಲಿನ ಹಿಂದೆ ತಲೆ ತೂರಿಸಿ, ಉಗುರಿನಿಂದ ಕಪ್ಪು ಬಣ್ಣ ಕೆರೆದಳು. ಕೆಳಗೆ ಬೆಸುಗೆ ಇಲ್ಲ, ಪ್ಲೇಟು ಇಲ್ಲ. ಪಕ್ಕದ ಸುಣ್ಣದ ಗೀಟನ್ನು ಹೆಬ್ಬೆರಳಿನಿಂದ ಒರೆಸಿದಳು. ಬಣ್ಣದಲ್ಲಿ ಹೂತಿದ್ದರಿಂದ ಅದು ಪೂರ್ತಿ ಹೋಗಲಿಲ್ಲ. ತಲೆ ಎತ್ತಿದಾಗ ನನ್ನನ್ನು ಕಂಡಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಊಟ ಮಾಡು ಅಣ್ಣ" ಎಂದಳು. "ಆಮೇಲೆ ಇಲ್ಲೊಂದು ಪ್ಲೇಟ್ ಹಾಕ್ಬೇಕು."

ಹಾಕಿದೆ. ಡ್ಯಾಶ್‌ಬೋರ್ಡ್ ಬಿಚ್ಚಿ, ವೈರು ಕಟ್ಟಿ, ಹಿಂದೊಂದು ಮುಂದೊಂದು ಇಟ್ಟು ಬೆಸೆದೆ. ಟಾರಿನ ಹೊಗೆ ಶೆಡ್ಡು ತುಂಬಿತು. ಕಣ್ಣಲ್ಲಿ ನೀರು ಬಂದರೆ ಹೊಗೆಯ ಮೇಲೆ ಹಾಕಬಹುದಿತ್ತು. ಮಾರನೆಯ ದಿನ ರಿವರ್ಸ್ ಗೇರು ಸದ್ದಿಲ್ಲದೆ ಬಿತ್ತು. ಭಾಗ್ಯ ಒಬ್ಬಳೇ ಊರ್ಡಿಗೆರೆಯ ಕಡೆ ಏರು ಹತ್ತಿಸಿ ಇಳಿಸಿ ಬಂದಳು.

ಗಾಡಿ ಒಯ್ಯಲು ಬಂದ ಚನ್ನಬಸವಯ್ಯನವರು ಪಕ್ಕದ ಟೀ ಅಂಗಡಿಯವರೆಲ್ಲ ಕೇಳುವಂತೆ ವಿಚಾರಿಸಿದರು: "ಏನಾಗಿತ್ತು ಕೊನೇಗೆ?"

ಟೀ ಅಂಗಡಿಯವನೇ ಉತ್ತರ ಕೊಟ್ಟ. "ರಾಜಣ್ಣ ಮೊನ್ನೆ ಏನೋ ಬೆಸುಗೆ ಹಾಕ್ದ. ಅವತ್ತಿಂದ ಸರಿ ಹೋಯ್ತು."

"ನೋಡಿದ್ಯಾ! ಮೂರು ತಿಂಗಳು ಹುಡುಗಿ ಆಡಿದ್ಲು. ಗಂಡಸು ಕೈ ಹಾಕ್ದಾಗ ಒಂದೇ ದಿನ!" ಎಂದು ನನ್ನ ಬೆನ್ನು ತಟ್ಟಿದರು. ನನ್ನ ಕೈಗೆ ಟೀ ಕೊಟ್ಟರು. ಭಾಗ್ಯ ತೊಟ್ಟಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈ ತೊಳೆಯುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಉಜ್ಜತೊಡಗಿತು. ನಾನು ಆ ಟೀ ಕುಡಿದೆ. ಪ್ಲೇಟು ಹಾಕದಿದ್ದದ್ದಕ್ಕಿಂತ, ಬಾಯಿ ಬಿಡದಿದ್ದದ್ದಕ್ಕಿಂತ, ಆ ಟೀ ಕುಡಿದದ್ದು ನನ್ನನ್ನು ಹೆಚ್ಚು ಸುಟ್ಟಿದೆ.

ಆ ದಿನ ಮನೆಯಲ್ಲಿ ಸುಧಾ ಕೇಳಿದಳು, "ನಿಮಗೆ ಗೊತ್ತಿತ್ತು ಅಲ್ವಾ?" ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. "ನಂಗೆ ಬ್ಯಾಡ ಬುಡಿ. ಅವಳಿಗೆ ಹೇಳ್ರಿ" ಎಂದಳು.

ದೀಪಾವಳಿ ಕಳೆಯಿತು. ಭಾಗ್ಯ ಫ್ಯಾಕ್ಟರಿಯವರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಗಾಡಿ ಓಡಿತ್ತಲ್ಲ. ನನಗೆ ಜೀವ ಬಂದಂತಾಯಿತು. ಆದರೆ ನಮ್ಮ ಶೆಡ್ಡಿಗೂ ಅವಳು ಬರಲಿಲ್ಲ. ಐಟಿಐಯಲ್ಲಿ ಬೇರೆ ವಿಭಾಗದಲ್ಲಿದ್ದ ಗೆಳತಿಯೊಬ್ಬಳ ಊರು ಕುಣಿಗಲ್. ಅಲ್ಲಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಶೆಡ್ಡು ಹಿಡಿದಳು. ಹಬ್ಬಕ್ಕೆ ಬರುತ್ತಿದ್ದಳು, ಸುಧಾಳ ಜೊತೆ ಒಬ್ಬಟ್ಟು ತಟ್ಟುತ್ತಿದ್ದಳು, ನನ್ನ ಬೆನ್ನುನೋವು ವಿಚಾರಿಸುತ್ತಿದ್ದಳು. ಗಾಡಿಗಳ ಮಾತು ಮಾತ್ರ ಬರುತ್ತಿರಲಿಲ್ಲ. ಪ್ರತಿ ಸಲ ಅವಳನ್ನು ಬಸ್ಸು ಹತ್ತಿಸುವಾಗ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಬಸ್ಸು ಹೊರಟುಬಿಡುತ್ತಿತ್ತು.

ಹೋದ ತಿಂಗಳು ಅವಳೇ ಫೋನ್ ಮಾಡಿದಳು.

"ಅಣ್ಣ, ಆಟೊಮೆಟಿಕ್ ಒಂದು ಬಂದಿದೆ. ಮ್ಯಾನುಯಲ್ ಮಾಡ್ತಿದೀನಿ. ಪೆಡಲ್ ಹಿಂದೆ ಪ್ಲೇಟ್ ಬೆಸೀಬೇಕು. ಬತ್ತೀಯಾ?"

"ಅಲ್ಲಿ ಬೆಸೆಯೋರು ಇಲ್ವಾ?"

"ಇದಾರೆ. ನಿನ್ನಂಗೆ ತಗಡು ಗೊತ್ತಿರೋರು ಯಾರೂ ಇಲ್ಲ."

ಗುಬ್ಬಿಯಲ್ಲೇ ಎರಡು ಪ್ಲೇಟು ಕತ್ತರಿಸಿದೆ. ಅಂಚುಗಳನ್ನು ಅರದಿಂದ ಉಜ್ಜಿ, ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಇನ್ನೊಂದು. ರಾಗಿ ಹೊಲಗಳು ಹಸಿರಾಗಿದ್ದವು. ಕೆರೆ ತುಂಬಿತ್ತು. ಚೀಲವನ್ನು ತಲೆಯ ಮೇಲಿನ ಕಂಬಿಯಲ್ಲಿ ಇಡದೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಭಾಗ್ಯಳ ಶೆಡ್ಡಿನಲ್ಲಿ ಐದು ಗಾಡಿ ನಿಂತಿದ್ದವು. ಅವಳ ಜೊತೆ ಕೆಲಸಕ್ಕೆ ನಾಗರತ್ನಮ್ಮ ಎಂಬುವರಿದ್ದಾರೆ, ನನ್ನ ವಯಸ್ಸಿನವರು, ಮೊದಲು ಗಾರ್ಮೆಂಟ್ಸಿನಲ್ಲಿದ್ದವರು. ಕಾರಿನ ಯಜಮಾನಿ ಒಬ್ಬರು ಟೀಚರು, ರಜೆ ಹಾಕಿ ಬಂದು ಸ್ಟೂಲಿನ ಮೇಲೆ ಕೂತಿದ್ದರು. ನಾನು ಡ್ಯಾಶ್‌ಬೋರ್ಡ್ ಬಿಚ್ಚಿ, ಟಾರ್ ಹಾಳೆ ಕೆರೆದು ಬೆಸೆಯಲು ಕೂತೆ. ಉಳಿದ ಚೂರು ಟಾರು ಕರಗಿ ಹೊಗೆಯಾಡಿತು. ಆ ವಾಸನೆ ಬಂತು. ಸ್ವಲ್ಪ ಹೊತ್ತು ಬೆಂಕಿ ಆರಿಸಿ ಕೂತು, ಮತ್ತೆ ಹಚ್ಚಿ ಮುಗಿಸಿದೆ.

ಅಭ್ಯಾಸಬಲ. ಸೀಮೆಸುಣ್ಣ ಕೇಳಿದೆ. ನಾಗರತ್ನಮ್ಮ ಕೊಡಲಿಲ್ಲ.

"ಇಲ್ಲಿ ಮಾಡ್ದೋರು ಗೀಟು ಎಳೆಯಂಗಿಲ್ಲಣ್ಣ. ಇನ್ನೊಬ್ರು ನೋಡಿ ಎಳೀಬೇಕು. ಭಾಗ್ಯಕ್ಕ ಮಾಡಿದ್ರೂ ಅಷ್ಟೇ, ನಾನು ನೋಡ್ತೀನಿ." ಅವರು ಬಗ್ಗಿ ಟಾರ್ಚ್ ಬಿಟ್ಟು, ಸ್ಪ್ಯಾನರಿನಿಂದ ನಾಲ್ಕೂ ಮೂಲೆ ತಟ್ಟಿ, ಕೈಯಿಟ್ಟು ನೂಕಿ ನೋಡಿ, ಆಮೇಲೆ ಗೀಟು ಎಳೆದರು. "ಒಳ್ಳೇ ಬೆಸುಗೆ" ಎಂದರು. ಭಾಗ್ಯ ಆ ಕಡೆ ಏನೋ ಹುಡುಕುವವಳಂತೆ ತಿರುಗಿಕೊಂಡಿದ್ದಳು.

ಸಿಲಿಂಡರ್ ಕೂರಿಸಿ ಆಯಿಲ್ ತುಂಬಿದ್ದಾಯಿತು. ಭಾಗ್ಯ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಸರಿದಳು. "ಅಣ್ಣ, ಪೆಡಲ್ ಮೇಲೆ ಕೂತ್ಕೋ."

ಕೂತೆ.

"ಒತ್ತು... ಒತ್ತು... ಒತ್ತು... ಹಿಡಿ."

ಹಿಡಿದೆ. ಕೆಳಗೆ ಆಯಿಲ್ ಸುರಿಯುವ ಸದ್ದು. ಗೋಡೆ ಅಲುಗಲಿಲ್ಲ. ಅಂಗಾಲಿಗೆ ಕಲ್ಲಿನ ಮೇಲೆ ನಿಂತಂತೆ ಇತ್ತು.

"ಹೆಂಗಿದೆ ಅಣ್ಣ? ಗಟ್ಟಿ ಇದೆಯಾ?"

ಅದೇ ಪ್ರಶ್ನೆ, ಅದೇ ಜಾಗದಿಂದ. ಅವಳ ಮುಖ ಕಾಣುತ್ತಿರಲಿಲ್ಲ, ಅವಳಿಗೆ ನನ್ನದೂ. ಟೀಚರು ಈ ಕಡೆ ನೋಡುತ್ತಿದ್ದರು. ನಾಗರತ್ನಮ್ಮ ಆಯಿಲ್ ಡಬ್ಬ ಹಿಡಿದು ನಿಂತಿದ್ದರು. ನಾಲ್ಕು ಜನರ ಮುಂದೆ ಕುಡಿದ ಟೀ ನಾಲ್ಕು ಜನರ ಮುಂದೆಯೇ ಕಕ್ಕಬೇಕಿತ್ತು.

"ಇವತ್ತು ಗಟ್ಟಿ ಇದೆ ಭಾಗ್ಯ. ಅವತ್ತು ಇರ್ಲಿಲ್ಲ" ಎಂದೆ. ಏಳಲು ಹೋದೆ.

"ಕಾಲು ತೆಗೀಬೇಡ!" ಕೆಳಗಿನಿಂದ ಕೂಗಿದಳು. "ಸ್ಕ್ರೂ ಬಿಚ್ಚಿದೀನಿ, ಗಾಳಿ ಒಳೀಕೆ ಹೋಯ್ತದೆ. ಹಿಡ್ಕೊಂಡೇ ಹೇಳು."

ಹಿಡಿದುಕೊಂಡೇ ಹೇಳಿದೆ.

"ನಾನು ಪ್ಲೇಟ್ ಹಾಕಿರ್ಲಿಲ್ಲ. ಬಣ್ಣ ಬಳಿದು ಗೀಟು ಎಳೆದೆ. ಮೊದಲ್ನೇ ದಿನಾನೇ ನನ್ ಕಾಲಿಗೆ ಗೊತ್ತಾಗಿತ್ತು."

"ಗೊತ್ತು ಅಣ್ಣ" ಎಂದಳು. "ಅವತ್ತೇ ಗೊತ್ತಾಯ್ತು."

"ನಿಂಗೆ ಗೊತ್ತಿದ್ರೂ ನಾನು ಹೇಳ್ಬೇಕು ಕಣೇ. ನೀನು ಕೆಸರಾಗೆ ಮಲಗಿ ಕೇಳ್ದಾಗೆಲ್ಲ ಗಟ್ಟಿ ಇದೆ ಅಂತ ಸುಳ್ಳು ಹೇಳ್ದೆ. ಕ್ಯಾತ್ಸಂದ್ರದಾಗೆ ಆ ತಾತನ ಮುಂದೆ ನನ್ ತಪ್ಪಿಗೆ ನೀನು ಕೈ ಮುಗಿದೆ, ನಾನು ಕ್ಯಾನ್ ಹಿಡ್ಕೊಂಡು ನಿಂತಿದ್ದೆ. ಚನ್ನಬಸವಯ್ಯ ನಿನ್ ಕೆಲ್ಸಾನ ನಂದು ಅಂದಾಗ ಟೀ ಕುಡಿದೆ. ನಾಳೆ ಅವರ ಅಂಗಡಿಗೇ ಹೋಗಿ ಹೇಳ್ತೀನಿ. ನಿನ್ ಕೈಗುಣ ಯಾವತ್ತೂ ಕೆಟ್ಟಿರ್ಲಿಲ್ಲ ಭಾಗ್ಯ, ಕೆಟ್ಟಿದ್ದು ನನ್ ಬಾಯಿ. ನಿನ್ ಅಣ್ಣ ಆಗಿ ನಾನು ಹಂಗೆ ಮಾಡಬಾರದಿತ್ತು. ತಪ್ಪಾಯ್ತು ಕಣವ್ವ, ನನ್ನ ಕ್ಷಮಿಸು."